ಷರಾ: ಗುರುತು ಸಿಗಲಿಲ್ಲ

ಆಕಾಶವನ್ನು ಎಂಟು ಪಾಲು ಮಾಡಿ, ಅದರಲ್ಲಿ ಎಷ್ಟು ಪಾಲಿಗೆ ಮೋಡ ಕವಿದಿದೆ ಎಂದು ಬರೆದುಕೊಳ್ಳುವುದಕ್ಕೆ ಸರಕಾರ ಒಬ್ಬ ಮನುಷ್ಯನನ್ನು ಇಟ್ಟುಕೊಂಡಿದೆ ಎಂದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ. ಮೋಡಪ್ಪನ ಹೆಂಡತಿಯೂ ಮದುವೆಯಾದ ಹೊಸತರಲ್ಲಿ ನಂಬಿರಲಿಲ್ಲ. ಹವಾಮಾನ ಕಚೇರಿಯಲ್ಲಿ ವೀಕ್ಷಕನಾಗಿ ಅವನಿಗೆ ಇಪ್ಪತ್ತೆಂಟು ವರ್ಷವಾಯಿತು. ಬೇರೆಯವರು ತಲೆ ತಗ್ಗಿಸಿ ದುಡಿದರೆ ಇವನು ತಲೆಯೆತ್ತಿ ದುಡಿದ. ಅದರಿಂದ ಬಂದದ್ದು ಕುತ್ತಿಗೆ ನೋವೊಂದೇ. ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಮೋಡಪ್ಪ ಅಂದರೆ ಹಾಲಿನವನೂ ಮನೆ ತೋರಿಸುತ್ತಾನೆ.

"ನಾಳೆ ಮಳೆ ಉಂಟಾ ಮೋಡಪ್ಪನವರೇ?" ಎಂದು ಕೇಳಿದವರಿಗೆ ಅವನದು ಒಂದೇ ಉತ್ತರ: "ನಾನು ಬಂದದ್ದನ್ನ ಬರೆಯೋನು. ಬರೋದನ್ನ ಹೇಳೋರು ಬೇರೆ ಇದ್ದಾರೆ." ಬೀದಿಯವರು ಇದನ್ನು ಜಂಬ ಎಂದುಕೊಂಡಿದ್ದರು. ಜಂಬವೇ ಅದು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ ಎನ್ನುವುದನ್ನು ಬಿಟ್ಟರೆ ಹೇಳಿಕೊಳ್ಳಲು ಅವನ ಹತ್ತಿರ ಬೇರೇನೂ ಇರಲಿಲ್ಲ.

ಕಚೇರಿಯ ದಪ್ಪ ರಿಜಿಸ್ಟರಿನಲ್ಲಿ ಕೊನೆಯ ಕಲಂ ಷರಾ. ತಪ್ಪಾದರೆ ಕೆರೆಯುವಂತಿಲ್ಲ, ಬಿಳಿ ಮಸಿ ಬಳಿಯುವಂತಿಲ್ಲ. ಒಂದೇ ಒಂದು ಗೀಟು ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಗೀಟಿನ ಕೆಳಗಿನ ಹಳೆಯ ಮಾತೂ ಓದಲು ಬರುವಂತಿರಬೇಕು. ಮೋಡಪ್ಪನ ಇಪ್ಪತ್ತೆಂಟು ವರ್ಷದ ಷರಾಗಳಲ್ಲಿ ಒಂದೂ ಗೀಟಿರಲಿಲ್ಲ.

ಆ ದಿನ ಸಂಜೆ ಐದಕ್ಕೆ ಅವನು ಎಂದಿನಂತೆ ಗಾಳಿಯ ದಿಕ್ಕು ನೋಡುವ ಬೆಲೂನಿಗೆ ಗ್ಯಾಸ್ ತುಂಬಿ ಬಿಟ್ಟ. ಪೂರ್ವದ ಕಡೆ ತೇಲಿಹೋದ ಅದನ್ನು ಕಣ್ಮರೆಯಾಗುವವರೆಗೆ ದುರ್ಬೀನಿನಲ್ಲಿ ನೋಡಿದ. ಐದೂವರೆಗೆ ಮೋಡ ಅಳೆಯಲು ಹೊರಗೆ ಬಂದಾಗ ಪಶ್ಚಿಮದಲ್ಲಿ ಒಂದು ಬೆಳಕಿತ್ತು. ಸ್ನಾನದ ಮನೆಯ ಮಂಜುಗಾಜಿನ ಹಿಂದೆ ಯಾರೋ ದೀಪ ಹಾಕಿದ ಹಾಗೆ, ಮಂಕಾಗಿ, ಅಂಚೇ ಇಲ್ಲದೆ. ಅಲುಗಾಡಲಿಲ್ಲ. ನಾಲ್ಕು ನಿಮಿಷ ಇತ್ತು, ಆಮೇಲೆ ಇರಲಿಲ್ಲ. ಅವನು ಒಳಗೆ ಹೋಗಿ ಷರಾದಲ್ಲಿ ಬರೆದ: "ಪಶ್ಚಿಮ. ಒಂದು ಬೆಳಕು. ನಾಲ್ಕು ನಿಮಿಷ. ಗುರುತು ಸಿಗಲಿಲ್ಲ." ದೂರದ ಹಕ್ಕಿಗಳ ಗುಂಪಿಗೂ, ಯಾರದೋ ಹರಿದ ಗಾಳಿಪಟಕ್ಕೂ ಅವನು ಅದೇ ಮಾತು ಬರೆದದ್ದುಂಟು. ಪೆನ್ನಿನ ಮುಚ್ಚಳ ಹಾಕಿ ಮನೆಗೆ ಹೋದ.

ಬೆಳಕನ್ನು ಊರಲ್ಲಿ ಇನ್ನೂ ನೂರಾರು ಜನ ನೋಡಿದ್ದರು. ಚುನಾವಣೆಗೆ ಮೂರು ವಾರವಿತ್ತು. ಕಚೇರಿಯಲ್ಲಿ ಯಾರೋ ಆ ಪುಟದ ಫೋಟೋ ತೆಗೆದು ಹೊರಗೆ ಬಿಟ್ಟರು. ಮರುದಿನ ವಿರೋಧ ಪಕ್ಷದ ಚಾನೆಲ್ಲು, "ಅನ್ಯಗ್ರಹದ ಹಾರುವ ತಟ್ಟೆ: ಸರಕಾರಿ ದಾಖಲೆಯೇ ಸಾಕ್ಷಿ, ಮಲಗಿದ ಸರಕಾರ" ಎಂದಿತು. ಸರಕಾರದ ಕಡೆಯ ಚಾನೆಲ್ಲು, "ತಾನೇ ಬಿಟ್ಟ ಬೆಲೂನ್ ಗುರುತಿಸಲಾರದ ನೌಕರ, ಹಿಂದೆ ಯಾರ ಕೈವಾಡ?" ಎಂದಿತು. ಎರಡೂ ಕಡೆ ಮೋಡಪ್ಪನ ಅಕ್ಷರಕ್ಕೆ ಕೆಂಪು ಸುತ್ತು ಹಾಕಿದ್ದರು. ಎರಡೂ ಕಡೆ ಒಂದೇ ತಟ್ಟೆ ಗಿರಗಿರ ತಿರುಗುತ್ತಿತ್ತು: ಕೆಳಗೆ ನೀಲಿ ಬೆಳಕು, ಸುತ್ತ ಕೆಂಪು ಅಂಚು, ಹಿಂದೆ ಎದೆ ನಡುಗಿಸುವ ಸಂಗೀತ. ಆ ಎರಡು ಚಾನೆಲ್ಲುಗಳು ಅಲ್ಲಿಯವರೆಗೆ ಒಮ್ಮತಕ್ಕೆ ಬಂದ ಒಂದೇ ವಿಷಯವೆಂದರೆ ಆ ತಟ್ಟೆಯ ಬಣ್ಣ.

ಮಹಡಿಯ ಮೇಲಿದ್ದ ಹೆಂಡತಿಯ ಅಣ್ಣ ಸರಕಾರದ ಕಡೆಯ ಚಾನೆಲ್ ಬಿಟ್ಟು ಬೇರೆ ನೋಡುತ್ತಿರಲಿಲ್ಲ. ಬೆಳಿಗ್ಗೆಯೇ ಕೆಳಗಿಳಿದು ಬಂದ.

"ಬೆಲೂನ್ ನೋಡಿ ಹೆದರಿಕೊಂಡ್ಯಂತಲ್ಲೋ."

"ಬೆಲೂನ್ ಅಲ್ಲ ಭಾವ. ಅದು ಪೂರ್ವಕ್ಕೆ ಹೋಗಿತ್ತು."

"ನಿನಗೆ ಹೇಗೆ ಗೊತ್ತು?"

"ಬಿಟ್ಟವನೇ ನಾನು."

"ಟಿ.ವಿ.ಯಲ್ಲಿ ಪಶ್ಚಿಮಕ್ಕೆ ತೋರಿಸ್ತಾ ಇದ್ದಾರಲ್ಲಪ್ಪಾ. ಬಾಣದ ಗುರುತು ಬೇರೆ ಹಾಕಿದ್ದಾರೆ."

ಕೆಳಗಿನ ಟಿ.ವಿ.ಯಲ್ಲಿ ಇನ್ನೊಂದು ಚಾನೆಲ್ ನೋಡುತ್ತಿದ್ದ ಹೆಂಡತಿ, "ಏನೇ ಆಗ್ಲಿ, ನಿಮ್ಮ ಅಕ್ಷರ ಮಾತ್ರ ದುಂಡಗೆ ಕಾಣ್ತಿತ್ತು" ಎಂದಳು.

ಮೂರನೆಯ ದಿನ ಸಾಹೇಬರು ಒಳಗೆ ಕರೆದರು. ಮೇಜಿನ ಮೇಲೆ ರಿಜಿಸ್ಟರ್ ತೆರೆದೇ ಇತ್ತು.

"ಷರಾ ತಿದ್ದಿಬಿಡಿ. ಬೆಲೂನ್ ಅಂತ."

"ಬೆಲೂನ್ ಅಲ್ವಲ್ಲ ಸಾರ್."

"ಮತ್ತೆ ಏನದು?"

"ಗುರುತು ಸಿಗಲಿಲ್ಲ ಸಾರ್."

"ಗುರುತೇ ಸಿಗದ್ದು ಬೆಲೂನ್ ಅಲ್ಲ ಅಂತ ನಿಮಗೆ ಹೇಗ್ರೀ ಗುರುತು ಸಿಕ್ತು?"

ಸಾಹೇಬರು ಕೆಟ್ಟವರಲ್ಲ, ಅವರಿಗೂ ಮೇಲಿನಿಂದ ದಿನಕ್ಕೆ ನಾಲ್ಕು ಫೋನು. ತಿದ್ದದಿದ್ದರೆ ದ್ವೀಪದ ಕಚೇರಿಗೆ ವರ್ಗವಾಗುತ್ತದೆ, ಅಲ್ಲಿ ಸಮುದ್ರದ ಹಕ್ಕಿಗಳನ್ನು ಬಿಟ್ಟರೆ ಮಾತಿಗೆ ಜನವಿಲ್ಲ ಎಂದು ಮೆತ್ತಗೆ ತಿಳಿಸಿದರು. ಮೋಡಪ್ಪ ಆಗುವುದಿಲ್ಲ ಎಂದು ಹೊರಗೆ ಬಂದ. ಎರಡು ದಿನ ಆ ಮಾತಿಗೆ ಅಂಟಿಕೊಂಡ. ಮೂರನೆಯ ದಿನ, "ನಿಮ್ಮ ಒಂದು ಗೆರೆಗೋಸ್ಕರ ನಾನು ಮಕ್ಕಳನ್ನೆಲ್ಲ ಬಿಟ್ಟು ದ್ವೀಪಕ್ಕೆ ಬರಬೇಕಾ?" ಎಂದು ಹೆಂಡತಿ ಕೇಳಿದಳು. ಅವನು ಹೋಗಿ ಗೀಟೆಳೆದ. ಸ್ಕೇಲಿಟ್ಟು, ನೇರವಾಗಿ. ಮೇಲೆ "ಬೆಲೂನ್" ಎಂದು ಬರೆದು ಸಹಿ ಹಾಕಿದ. ನಲ್ಲಿಯ ಹತ್ತಿರ ಹೋಗಿ ಎರಡು ಸಲ ಕೈ ತೊಳೆದ. ಮಸಿಯೇನೂ ಅಂಟಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ಒಬ್ಬ ಮಂತ್ರಿಗಳು ಪ್ರಚಾರ ಭಾಷಣದ ಹುಮ್ಮಸ್ಸಿನಲ್ಲಿ, ಆ ಬೆಳಕು ನಮ್ಮದೇ ಗುಟ್ಟಿನ ವಿಮಾನ, ಶತ್ರುಗಳು ಗಡಗಡ ನಡುಗುತ್ತಿದ್ದಾರೆ ಎಂದುಬಿಟ್ಟರು. ಸಂಜೆಯೊಳಗೆ ಚಾನೆಲ್ಲುಗಳು ಜಾಗ ಬದಲಾಯಿಸಿಕೊಂಡವು. ವಿರೋಧ ಪಕ್ಷದ್ದು, "ಬರೀ ಬೆಲೂನ್, ಇಲ್ಲಿದೆ ದಾಖಲೆ" ಎಂದು ಗೀಟಿನ ಮೇಲಿನದನ್ನು ತೋರಿಸಿತು. ಸರಕಾರದ ಕಡೆಯದು ಗೀಟಿನ ಕೆಳಗಿನದನ್ನು ದೊಡ್ಡದು ಮಾಡಿ ತೋರಿಸಿತು. ಹಳೆಯದೂ ಓದಲು ಬರಬೇಕು ಎಂಬ ನಿಯಮದಿಂದ ಇಬ್ಬರಿಗೂ ಸಮನಾಗಿ ಉಪಕಾರವಾಯಿತು. ತಟ್ಟೆ ಮಾತ್ರ ಎರಡೂ ಕಡೆ ಅದೇ.

"ಬೆಲೂನ್ ಅಲ್ಲ ಅಂತ ನಾನು ಮೊದಲೇ ಹೇಳಿದ್ದೆ" ಎಂದ ಭಾವ.

"ಬೆಲೂನ್ ಅಂದಿದ್ದೇ ನೀವು ಭಾವ."

"ಆವಾಗಿನ ಮಾತು ಆವಾಗ. ಎಲ್ಲದಕ್ಕೂ ವಾದ ಮಾಡ್ತಾ ಕೂರಬಾರದು."

ಮೋಡಪ್ಪ ತನಗೆ ಸಿಟ್ಟು ಬರಬಹುದು ಎಂದು ಕಾದ. ಬರಲಿಲ್ಲ.

ಸಾಹೇಬರು ಮತ್ತೆ ಕರೆದರು. ಈ ಸಲ ರಿಜಿಸ್ಟರ್ ಇರಲಿಲ್ಲ, ಒಂದು ಬಿಳಿ ಹಾಳೆ ಇತ್ತು.

"ತಿದ್ದೋದು ಗಿದ್ದೋದು ಬೇಡ. ಕಂಡದ್ದನ್ನ ಕಂಡ ಹಾಗೆ ನಿಮ್ಮ ಕೈಯಾರೆ ಬರೆದುಕೊಡಿ. ನಮ್ಮ ಒತ್ತಾಯ ಏನೂ ಇಲ್ಲ."

ಹನ್ನೆರಡು ದಿನದಿಂದ ಅವನು ಕಾಯುತ್ತಿದ್ದ ಮಾತು ಅದೇ. ತನ್ನ ಮೇಜಿಗೆ ಬಂದು ಕೂತ. ಪೆನ್ನು ತೆರೆದ. ಆ ಸಂಜೆಯನ್ನು ಸರಿಯಾಗಿ ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದ.

ಸಂಗೀತ ಕೇಳಿಸಿತು. ಆಮೇಲೆ ತಟ್ಟೆ ಬಂತು, ಕೆಳಗೆ ನೀಲಿ, ಸುತ್ತ ಕೆಂಪು.

ಇದಲ್ಲ ಎಂದು ತಲೆ ಕೊಡವಿದ. ಮಂಜುಗಾಜು, ಎಂದು ತನಗೆ ತಾನೇ ಹೇಳಿಕೊಂಡ. ಮಂಜುಗಾಜು ಬಂತು, ಅದರ ಹಿಂದೆ ತಟ್ಟೆ ತಿರುಗುತ್ತಿತ್ತು. ದಿಕ್ಕು ನೆನಪಿತ್ತು, ನಿಮಿಷ ನೆನಪಿತ್ತು. ಬೆಳಕು ಬರಲಿಲ್ಲ. ಅದನ್ನು ಅವನು ನೋಡಿದ್ದು ನಾಲ್ಕೇ ನಿಮಿಷ. ತಟ್ಟೆಯನ್ನು ಮಹಡಿಯ ಮೇಲೆ, ಕೆಳಗೆ, ಚಹಾ ಅಂಗಡಿಯಲ್ಲಿ, ಕ್ಷೌರದ ಅಂಗಡಿಯ ಕನ್ನಡಿಯಲ್ಲಿ ಹನ್ನೆರಡು ದಿನ ನೋಡಿದ್ದ. ಇನ್ನೊಮ್ಮೆ ಕಣ್ಣು ಮುಚ್ಚಿದ. ಈ ಸಲ ಪಕ್ಕದಲ್ಲಿ ಬಾಣದ ಗುರುತೂ ಇತ್ತು.

ಹಾಳೆ ಖಾಲಿ ಕೊಡುವಂತಿರಲಿಲ್ಲ. ಅವನು ಬರೆದ: "ಪಶ್ಚಿಮ. ತಟ್ಟೆಯಾಕಾರ. ಕೆಳಗೆ ನೀಲಿ, ಅಂಚು ಕೆಂಪು." ಅಕ್ಷರ ಎಂದಿನಂತೆ ದುಂಡಗೆ ಬಂತು.

ಸಾಹೇಬರು ಓದಿ ಕನ್ನಡಕ ತೆಗೆದರು. "ಇಷ್ಟು ವಿವರವಾಗಿ ಮೊದಲೇ ಬರೆದಿದ್ರೆ ಈ ರಗಳೆಯೇ ಇರ್ತಿರಲಿಲ್ಲ ನೋಡಿ."

"ಹೌದು ಸಾರ್."

ಮನೆಗೆ ಬಂದಾಗ ಹೆಂಡತಿ ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದಳು. ಟಿ.ವಿ. ಆರಿತ್ತು.

"ಅಲ್ಲಾ, ಇಷ್ಟು ದಿನ ನಾನು ಕೇಳಲೇ ಇಲ್ಲ ನೋಡಿ. ಅವತ್ತು ನಿಜವಾಗ್ಲೂ ಏನು ಕಂಡಿತ್ತು ನಿಮಗೆ?"

ಮೋಡಪ್ಪ ಚಪ್ಪಲಿ ಬಿಟ್ಟು ಗೋಡೆಗೆ ಸರಿಸಿದ.

"ಟಿ.ವಿ.ಯಲ್ಲಿ ತೋರಿಸಿದ್ರಲ್ಲ," ಎಂದ. "ಹಾಗೇ ಇತ್ತು."

"ಹೌದಾ," ಎಂದು ಅವಳು ಅಂಗಿಯೊಂದನ್ನು ಕೈಗೆತ್ತಿಕೊಂಡಳು.