ಇಂಡಿ ಟೆಲಿವಿಜನ್ನಿನ ಟಪಾಲಿನವ

ಕಳೆದ ತಿಂಗಳು ನಮ್ಮೂರು ಇಂಡಿಗೆ ಟೆಲಿವಿಜನ್ ಬಂತು.

ಗಾಬರಿಯಾಗಬೇಡಿ. ಸರಕಾರ ಕಳಿಸಿದ್ದಲ್ಲ. ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ಗುರುಪಾದಪ್ಪನವರು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಮಾಡಿದ್ದು. ದೀಪಾವಳಿ ಸೂಟಿಯಲ್ಲಿ ಮುಂಬಯಿಗೆ ತಂಗಿಯ ಮನೆಗೆ ಹೋದವರು, ನೆರೆಮನೆಯ ಟೆಲಿವಿಜನ್ನಿನಲ್ಲಿ ಬರೆದ ಚಿತ್ರಗಳು ಓಡಾಡಿ ನಗಿಸುವುದನ್ನು ನೋಡಿ ಬಂದಿದ್ದರು. ಬಂದವರೇ ಪೆಟ್ಟಿಗೆಯ ಮುಖಕ್ಕೊಂದು ಚೌಕ ಕೊರೆದರು. ಒಳಗೆ ಎರಡು ಕೋಲು, ಕೋಲಿಗೆ ಸುತ್ತಿದ ಉದ್ದನೆಯ ಕಾಗದ, ಹಿಂದೊಂದು ಗ್ಯಾಸ್‌ಬತ್ತಿ. ಹಿಡಿ ತಿರುವಿದರೆ ಚಿತ್ರಗಳು ಒಂದರ ಹಿಂದೊಂದು ಸರಿಯುತ್ತವೆ. ಜೋರಾಗಿ ತಿರುವಿದರೆ ಮನುಷ್ಯ ನಡೆದಂತೆಯೇ ಕಾಣುತ್ತದೆ. (ಇನ್ನೂ ಜೋರಾಗಿ ತಿರುವಿದರೆ ಕಾಗದ ಹರಿಯುತ್ತದೆ.)

"ಸರ, ಚಿತ್ರ ನಂದು, ಮಾತು ನಿಮ್ಮದು. ಸಾಲಿ ಗ್ಯಾದರಿಂಗಿಗೆ ನಗೋವಂಥಾದ್ದೊಂದು ಬರದು ಕೊಡ್ರಿ" ಎಂದರು.

ಇಪ್ಪತ್ತೆರಡು ವರ್ಷ ವ್ಯಾಕರಣ ಕಲಿಸಿ ದಣಿದವನಿಗೆ ನಗೆ ಎಲ್ಲಿಂದ ಬರಬೇಕು? ಕದಿಯಬೇಕು. ಆಗಷ್ಟೇ ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ಒಂದು ಅಳುವ ಸಿನೆಮಾ ನಡೆದಿತ್ತು. ಹೀರೋ ದುಡಿಯಲು ದೂರದೂರಿಗೆ ರೈಲು ಹತ್ತುತ್ತಾನೆ. ಹೀರೋಯಿನ್ ಪ್ಲಾಟ್‌ಫಾರ್ಮಿನ ತುಂಬ ಓಡುತ್ತಾಳೆ. ಪ್ರತಿ ಸೋಮವಾರ ಪತ್ರ ಬರೆಯುತ್ತೇನೆಂದು ಅವನು ಕಿಟಕಿಯಿಂದ ಕೂಗುತ್ತಾನೆ. ಊರಿಗೆ ಊರೇ ಅತ್ತಿತ್ತು. ಊರು ಅತ್ತಿದ್ದನ್ನು ಅಣಕಿಸುವುದಕ್ಕಿಂತ ಸುಲಭದ ಕೆಲಸ ಯಾವುದಿದೆ?

ನಾನು ರೈಲು ತೆಗೆದು ಸಿಂದಗಿ ಬಸ್ಸು ಹಾಕಿದೆ. ಬಸ್ಸು ಎಷ್ಟು ನಿಧಾನವೆಂದರೆ, ಓಡುವ ಹೀರೋಯಿನ್ ಅದನ್ನು ಹಿಂದೆ ಹಾಕಿ, ಮುಂದಿನ ಸ್ಟಾಪಿನಲ್ಲಿ ಕೂತು ಕಾಯುತ್ತಾಳೆ. ಆಮೇಲೆ ಟಪಾಲಿನವ. ಆಕೆ ಬಾಗಿಲಲ್ಲಿ ನಿಂತು "ಪತ್ರ ಬಂತೇನ್ರಿ?" ಎಂದು ಕೇಳುತ್ತಾಳೆ. ಅವನು, "ಸೋಮವಾರನ ಇನ್ನೂ ಬಂದಿಲ್ರಿ ಬಾಯಾರ." ಮಳೆಗಾಲ, ಚಳಿಗಾಲ, ಬೇಸಿಗೆ. ಆಕೆಯ ಕೂದಲು ಬೆಳ್ಳಗಾಗುತ್ತದೆ. ಅವನ ಉತ್ತರ ಅದೇ.

ಗ್ಯಾದರಿಂಗಿನ ದಿನ ಮಧ್ಯಾಹ್ನ ಶಾಲೆಯ ಹಾಲಿನ ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲೆ ಮಾಡಿದೆವು. ಗುರುಪಾದಪ್ಪನವರು ತಿರುವಿದರು, ನಾನು ಓದಿದೆ. ಹಿಂದೆ ಕೂತವರಿಗೆ ಬರೀ ಬೆಳಕು ಕಾಣಿಸಿತು. ಅವರೂ ನಕ್ಕರು. ಟಪಾಲಿನವ ಮೂರನೆಯ ಸಲ ಬಂದಾಗ ಅವನ ಉತ್ತರವನ್ನು ಇಡೀ ಹಾಲೇ ಕೂಗಿ ಹೇಳಿತು.

ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಹಿಂದಕ್ಕೆ ತಿರುಗಿ ನೋಡಿದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಸಾಲಿಗೆ ಸಾಲೇ ತಿರುಗಿತು. ಅವರು ನೋಡುತ್ತಿದ್ದುದು ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿಸುವ ಅಕ್ಕೋರನ್ನು.

ಅಕ್ಕೋರ ಗಂಡ ಕೆಲಸಕ್ಕೆಂದು ಪುಣೆಗೆ ಹೋಗಿ ಒಂಬತ್ತು ವರ್ಷ. ಮೊದಮೊದಲು ಪತ್ರ ಬಂದವು, ಆಮೇಲೆ ನಿಂತವು. ಶಾಲೆ ಬಿಟ್ಟ ಮೇಲೆ ಅವರು ಸುತ್ತಿನ ದಾರಿ ಹಿಡಿದು ಟಪಾಲು ಕಚೇರಿಗೆ ಹೋಗಿಯೇ ಮನೆಗೆ ಹೋಗುತ್ತಾರೆಂಬುದು ಊರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಬರೆಯುವಾಗ ನೆನಪಾಗಲಿಲ್ಲ, ಅಷ್ಟೇ. ಅಷ್ಟೇ ಎಂದು ಬರೆದು ಮುಗಿಸುವಷ್ಟು ಅದು ಸಣ್ಣದೆ?

ಅಲ್ಲಿಗೇ ನಿಲ್ಲಿಸಬೇಕಿತ್ತು. ಕಾಗದದಲ್ಲಿ ಟಪಾಲಿನವ ಇನ್ನೂ ಎರಡು ಸಲ ಬರುವುದಿತ್ತು. ಓದಿದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಅಕ್ಕೋರು ಎದುರಿಗೆ ಬಂದು ಕೂತರು. ಸಿಟ್ಟು ಕಾಣಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

"ಸರ, ಟಪಾಲಿನವನ ಮಾತು ನೀವ ಬರದದ್ದೇನ್ರಿ?"

"ಹೌದ್ರಿ ಅಕ್ಕೋರ. ಆದ್ರ ಅದು ಸಿನೆಮಾದ ಅಣಕ್ರಿ. ನಿಮಗಂತ ಬರದದ್ದಲ್ಲ."

"ನಾ ಸಿನೆಮಾ ನೋಡಂಗಿಲ್ರಿ."

ಮೂಲ ನೋಡದವರಿಗೆ ಅಣಕವೆಲ್ಲಿ? ಅವರು ನೋಡಿದ್ದು ಬಾಗಿಲಲ್ಲಿ ನಿಂತ ಒಬ್ಬ ಹೆಂಗಸನ್ನು, ಅವಳನ್ನು ನೋಡಿ ನಗುವ ಮುನ್ನೂರು ಜನರನ್ನು.

ಅಕ್ಕೋರೇ ಮುಂದೆ ಕೇಳಿದರು, "ಆ ಸಿನೆಮಾದಾಗ ಪತ್ರ ಬರ್ತೈತೇನ್ರಿ?"

"ಕಡೀಗೆ ಬರ್ತೈತ್ರಿ."

"ಮತ್ತ ನೀವ್ಯಾಕ ಬರಂಗಿಲ್ಲಂತ ಮಾಡಿದ್ರಿ?"

"ನಗಸಾಕ್ರಿ" ಎಂದೆ. ಅಕ್ಕೋರು ತಲೆಯಾಡಿಸಿ, ಕತ್ತರಿ ಎತ್ತಿಕೊಂಡು ಕ್ಲಾಸಿಗೆ ಹೋದರು.

ಹೋದ ವಾರ ಬಸವನ ಬಾಗೇವಾಡಿಯ ಒಂದು ಶಾಲೆಯವರು ನಮ್ಮ ಟೆಲಿವಿಜನ್ ಕರೆಸಿದರು. ಹೊರಡುವ ಮುಂಚೆ ಗುರುಪಾದಪ್ಪನವರಿಗೆ ಎಲ್ಲ ಹೇಳಿದೆ. ಅವರು ಕೊನೆಯ ಚಿತ್ರಗಳನ್ನು ಕತ್ತರಿಸಿ, ಲಕೋಟೆ ಹಿಡಿದು ಬರುವ ಟಪಾಲಿನವನನ್ನು ಬರೆದು ಅಂಟಿಸಿದರು.

ಬಸ್ಸಿನ ಚಿತ್ರಕ್ಕೆ ಬಾಗೇವಾಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪತ್ರ ಬಂತು. ಯಾರೂ ನಗಲಿಲ್ಲ. ಕರೆಸಿದ ಮಾಸ್ತರು ಚಹಾ ಕೊಡುತ್ತ, "ಕಡೀಗೆ ಯಾಕೋ ಸಪ್ಪಗಾತ್ರಿ. ಆ ಪತ್ರ ಬರದಿದ್ರ ಮಜಾ ಇರ್ತಿತ್ತು ನೋಡ್ರಿ" ಎಂದರು. ಕೆಟ್ಟವರೇನಲ್ಲ. ಎರಡು ಸಲ ಚಹಾ ಕೊಟ್ಟರು.

(ಅಕ್ಕೋರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರೀರಿ. ಹೆಸರು ಬ್ಯಾಡ್ರಿ" ಎಂದರು.)

ಈಗ ಮುದ್ದೇಬಿಹಾಳದಿಂದ ಕರೆ ಬಂದಿದೆ. ಅವರಿಗೆ ಪತ್ರ ತರದ ಹಳೆಯ ಟಪಾಲಿನವನೇ ಬೇಕಂತೆ. ನನಗೆ ಸಾಕಾಗಿದೆ. ಹೆಡ್‌ಮಾಸ್ತರು ಮಾತ್ರ, "ಅಲ್ಲಿ ನಮ್ಮ ಅಕ್ಕೋರು ಇರಂಗಿಲ್ಲಲ್ರಿ, ಅಡ್ಡಿ ಏನೈತಿ?" ಎನ್ನುತ್ತಾರೆ.

ಮುದ್ದೇಬಿಹಾಳದಲ್ಲಿ ಯಾರಿಗೂ ಪತ್ರ ಬರಬೇಕಾಗಿಲ್ಲವೆ?