ಕೊಪ್ಪರಿಗೆಯ ಹಿಡಿ

ಸ್ಟೀಲಿಗೆ ಸ್ಟೀಲು ಕೂಡಿಸುವುದು ದೊಡ್ಡ ಮಾತಲ್ಲ. ಸ್ಟೀಲಿಗೆ ಕಬ್ಬಿಣ ಕೂಡಿಸಬೇಕಾದರೆ ಎರಡಕ್ಕೂ ಒಗ್ಗುವ ಬೇರೆಯೇ ಬೆಸುಗೆ ರಾಡು ಬೇಕು. ಕಬ್ಬಿಣದ ಮಾಮೂಲಿ ರಾಡು ಹಾಕಿದರೂ ಬೆಸುಗೆ ಕೂರುತ್ತದೆ, ನೋಡಲು ಲಕ್ಷಣವಾಗಿಯೇ ಇರುತ್ತದೆ. ಒಳಗೆ ಮಾತ್ರ ಹಪ್ಪಳದಷ್ಟು ಪೆಡಸು. ಭಾಂಡುಪ್‌ನ ತಗಡಿನ ಶೆಡ್ಡಿನಲ್ಲಿ ಉಡುಪಿ ಹೋಟೆಲುಗಳ ಪಾತ್ರೆ, ಸ್ಟ್ಯಾಂಡು ಬೆಸೆಯುತ್ತಲೇ ತಲೆ ನರೆಸಿಕೊಂಡ ಸದಾನಂದನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನಿಗೆ ಕೈಕೊಟ್ಟದ್ದು ಕಣ್ಣು. ನೋಡಿದ್ದರ ನಡುವೆಯೇ ಕಪ್ಪು ಕಲೆ. ಇನ್ನು ಸರಿಹೋಗದೆಂದು ಡಾಕ್ಟರು ಹೇಳಿದ್ದನ್ನು ಅವನು ಹೆಂಡತಿ ನೀಲಾವತಿಗೂ ಹೇಳಲಿಲ್ಲ. ಹಾಳು ಮಾನ! ಕುರುಡನಿಗೆ ಯಾರು ಕೆಲಸ ಕೊಟ್ಟಾರು ಎಂಬ ಹೆದರಿಕೆ ಬೇರೆ. ಎರಡು ಬಗೆಯ ರಾಡಿನ ಡಬ್ಬಿಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡು ಕೈ ಅಂದಾಜಿನಲ್ಲೇ ದಿನ ದೂಡಿದ.

ಮಳೆಗಾಲದಲ್ಲಿ ಶೆಡ್ಡು ಸೋರಿತು. ನೀಲಾವತಿ, ಪಾಪ, ರಾಡು ನೆನೆಯಬಾರದೆಂದು ಡಬ್ಬಿಗಳನ್ನು ಮನೆಯೊಳಗೆ ಒಯ್ದು, ಮಳೆ ನಿಂತ ಮೇಲೆ ತಂದಿಟ್ಟಳು. ಎಡದ್ದು ಬಲಕ್ಕೆ ಹೋಯಿತು. ಗೊತ್ತಿದ್ದರಲ್ಲವೇ ಅವಳು ಜಾಗ ನೋಡಿ ಇಡುವುದು?

ಸೀತಾರಾಮ ಸಾಂಬಾರಿನ ಕೊಪ್ಪರಿಗೆ ತಂದದ್ದು ಅದೇ ವಾರ. ಅವನು ಸದಾನಂದನ ಊರಿನವನೇ, ಕಾಪುವಿನಿಂದ ಈ ಮಹಾನಗರಕ್ಕೆ ಜೊತೆಗೇ ಬಂದವನು. ಸಯನ್‌ನ ಹೋಟೆಲೊಂದರಲ್ಲಿ ಅಡುಗೆಯವನು. ಸ್ಟೀಲಿನ ಕೊಪ್ಪರಿಗೆಯ ಕಬ್ಬಿಣದ ಹಿಡಿ ಅಲ್ಲಾಡುತ್ತಿತ್ತು. ಸದಾನಂದ ಬೆಸೆದು, ಬೆರಳಾಡಿಸಿ ನೋಡಿ, ಸಮಾಧಾನದಿಂದಲೇ ಕಳಿಸಿದ.

ಒಂದು ಬೆಳಿಗ್ಗೆ ಒಲೆಯಿಂದ ಇಳಿಸುವಾಗ ಹಿಡಿ ಮುರಿದು, ಕುದಿಯುವ ಸಾಂಬಾರು ಸೀತಾರಾಮನ ಎರಡೂ ಕಾಲಿನ ಮೇಲೆ ಸುರಿಯಿತು.

ಸುದ್ದಿ ಕೇಳಿ ಓಡಿದ ಸದಾನಂದ ಮೊದಲು ಹೋಟೆಲಿಗೆ ಹೋಗಿ ಮುರಿದ ಜಾಗ ಮುಟ್ಟಿದ. ಎಲ್ಲೂ ಬಾಗಿರಲಿಲ್ಲ, ಕತ್ತರಿಸಿದಂತೆ ಬಿಟ್ಟಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಮನೆಗೆ ಫೋನು ಮಾಡಿ ಡಬ್ಬಿಗಳ ಬಗ್ಗೆ ವಿಚಾರಿಸಿದ. ಹೌದು, ತಾನೇ ತೆಗೆದಿಟ್ಟೆ ಎಂದಳು ನೀಲಾವತಿ. ಯಾಕೆ ಕೇಳಿದೆನೆಂದು ಅವನು ಹೇಳಲಿಲ್ಲ, ಆ ಪಾಪವನ್ನು ಅವಳ ತಲೆಗೆ ಕಟ್ಟುವ ಧೈರ್ಯ ಅವನಿಗಿರಲಿಲ್ಲ.

ಸೀತಾರಾಮ ಇನ್ನು ಒಲೆಯ ಮುಂದೆ ನಿಲ್ಲಲಾರ ಎಂದರು ಆಸ್ಪತ್ರೆಯವರು. ಸದಾನಂದ ಮಂಚದ ಬದಿ ಕೂತು ಎಲ್ಲವನ್ನೂ ಹೇಳಿಬಿಟ್ಟ. ಬೈಯಲಿ, ಉಗಿಯಲಿ, ಆಗಲಾದರೂ ಎದೆಯ ಭಾರ ಇಳಿದೀತು ಎಂದುಕೊಂಡಿದ್ದ. ಸೀತಾರಾಮ ಅವನ ಕಡೆಗೆ ಮುಖ ಹೊರಳಿಸಿದ.

"ನಿಂಗೆ ಕಣ್ಣು ಕಾಣುದಿಲ್ಲ ಅಂತ ನಂಗೆ ಹೋದ ವರ್ಷವೇ ಗೊತ್ತುಂಟು ಮಾರಾಯ. ಚಾ ಕೊಟ್ರೆ ನೀನು ಗ್ಲಾಸು ಬಿಟ್ಟು ಪಕ್ಕದಲ್ಲಿ ತಡಕಾಡ್ತಿದ್ದೆ. ಅದಕ್ಕೇ ನೀನು ಬೆಸೆದದ್ದನ್ನು ಬೇರೆ ಯಾರ ಕೈಗೂ ಕೊಡ್ತಿರ್ಲಿಲ್ಲ. ನಾನೇ ಎತ್ತುದು."

"ಮತ್ತೆ ಕೆಲಸ ಯಾಕೆ ತಂದದ್ದು ನೀನು?"

"ತರದಿದ್ರೆ ನೀನು ಉಳೀತಿದ್ದೆಯಾ?"

ಸದಾನಂದ ಆ ಕಾಲುಗಳನ್ನು ಹಿಡಿದುಕೊಳ್ಳಲೆಂದು ಬಾಗಿದ. ಬಿಳಿ ಹಾಸಿಗೆಯ ಮೇಲೆ ಬಿಳಿ ಬ್ಯಾಂಡೇಜು ಎಲ್ಲಿದೆಯೆಂದು ತಿಳಿಯದೆ, ಮುಟ್ಟಿದರೆ ನೋವಾದೀತೆಂದು ಕೈ ಹಿಂದಕ್ಕೆಳೆದುಕೊಂಡ.