ಮಂತ್ರಿಗಳ ಮೀಸೆ ಸಮ ಮಾಡಿದವನು

ನಮ್ಮ ಬೀದಿಯ ಕ್ಷೌರಿಕನಿಗೆ ದೇಶ ಬಿಟ್ಟು ಹೋಗುವವರನ್ನು ಕಂಡರೆ ಮೈಯೆಲ್ಲ ಉರಿ. ಸರ್ಕಾರವನ್ನು ಬೈದ ಯಾರೋ ರಾತ್ರೋರಾತ್ರಿ ಗಡಿ ದಾಟಿದರಂತೆ ಎಂದು ಸುದ್ದಿ ಬಂದರೆ ಸಾಕು, ಕತ್ತರಿ ಮೇಲೆತ್ತಿ ಭಾಷಣ ಶುರು. ಅದು ಮುಗಿಯುವಷ್ಟರಲ್ಲಿ ಕುರ್ಚಿಯಲ್ಲಿದ್ದವನಿಗೆ ಕತ್ತರಿಸಿದ ಕೂದಲು ಮತ್ತೆ ಬೆಳೆದಿರುತ್ತಿತ್ತು.

“ಹೇಡಿಗಳು! ಈ ಮಣ್ಣು ಬಿಟ್ಟು ನಾನಂತೂ ಅಲ್ಲಾಡೋನಲ್ಲ.”

“ಮೊದಲು ನನ್ನ ಬಲಗೆನ್ನೆ ಮುಗಿಸಪ್ಪ,” ಎನ್ನುತ್ತಿದ್ದೆ ನಾನು.

ಅವನದು ಒಳ್ಳೆಯ ಕೈ. ಒಂದೇ ಚಟ, ಎರಡೂ ಕಡೆ ಎಳ್ಳಷ್ಟೂ ಹೆಚ್ಚುಕಡಿಮೆ ಇರಕೂಡದು. ಹೀಗಾಗಿ ನಮ್ಮ ಬೀದಿಯಲ್ಲಿ ಮೀಸೆಯೆಂಬುದು ಬೆಕ್ಕುಗಳಿಗೆ ಮಾತ್ರ ಉಳಿದಿತ್ತು.

ಇದು ತಿಳಿಯದೆ ಮಂತ್ರಿಗಳು ಮೆರವಣಿಗೆಗೆ ಹೊರಟವರು ಮೀಸೆ ತಿದ್ದಿಸಿಕೊಳ್ಳಲು ಒಳಗೆ ಬಂದರು. ಆ ಮೀಸೆಯೇ ಆಳುವ ಪಕ್ಷದ ಚಿಹ್ನೆ. ಬಾವುಟದಲ್ಲಿ ಅದೇ, ಗೋಡೆಗಳ ಮೇಲೂ ಅದೇ. ಮೀಸೆ ಬಾಗಿಲಲ್ಲಿ ಹಿಡಿಯದೆ ಅವರು ಅಡ್ಡಡ್ಡ ನಡೆದು ಬರಬೇಕಾಯಿತು. ಕಾವಲಿನವರನ್ನು ಹೊರಗೆ ನಿಲ್ಲಿಸಿ, ಕೂತ ಕೂಡಲೇ ಗೊರಕೆ ಹೊಡೆದರು.

ಇವನು ಎಡಗಡೆ ಒಂದು ಚೂರು ತೆಗೆದ. ಬಲಗಡೆ ಉದ್ದ ಕಂಡಿತು. ಬಲಗಡೆ ತೆಗೆದ. ಎಡಗಡೆ ಉದ್ದವಾಯಿತು. ನಾನು ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದೆ. ಕೊನೆಗೂ ಎರಡೂ ಕಡೆ ಸರಿಸಮವಾಯಿತು, ಯಾಕೆಂದರೆ ಎರಡೂ ಕಡೆ ಏನೂ ಇರಲಿಲ್ಲ.

“ಓಡು,” ಎಂದೆ.

“ಓಡೋದಾ? ನಾನಾ?”

ಅವನ ಹೆಂಡತಿ ಹಿಂದಿನ ಕೋಣೆಯಿಂದ ಚೀಲ ಹಿಡಿದೇ ಬಂದಳು. “ರೀ, ಹೇಡಿ ಆದ್ರೂ ಪರವಾಗಿಲ್ಲ, ಗಂಡನಿಗೆ ತಲೆ ಇದ್ರೆ ಸಾಕು ನನಗೆ. ನಡೀರಿ!”

ಹಿತ್ತಲ ಬಾಗಿಲಿನಿಂದ ಓಡಿದರು. ಆ ಓಟಕ್ಕೆ ಅವರ ನೆರಳುಗಳು ಹಿಂದೆ ಬಿದ್ದು, ಮಾರನೆಯ ದಿನ ಗಡಿ ತಲುಪಿದವಂತೆ.

ಆಚೆ ದೇಶದ ಅಧಿಕಾರಿ ಕೇಳಿದನಂತೆ: “ಬೇಕಂತಲೇ ಬೋಳಿಸಿದ್ರಾ, ಕೈತಪ್ಪಿ ಆಯ್ತಾ? ರಾಜಕೀಯ ಕಾರಣ ಇದ್ರೆ ಮಾತ್ರ ಇಲ್ಲಿ ಜಾಗ. ಕೈತಪ್ಪಿದ್ರೆ ವಾಪಸ್.”

ವಾಪಸ್ ಹೋದರೆ ಕತ್ತು ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೆ ಬಾಯಿ ತೆರೆಸಿದ್ದು ಆ ಭಯವಲ್ಲ, ಕಸುಬಿನ ಅಹಂಕಾರ. “ನನ್ನ ಕೈ ತಪ್ಪೋದಾ? ಬೇಕಂತಲೇ ಬೋಳಿಸಿದೆ ಸ್ವಾಮಿ!”

ಜಾಗ ಸಿಕ್ಕಿತು. ಮೊದಲೇ ಓಡಿಹೋಗಿದ್ದ ನಮ್ಮವರೆಲ್ಲ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನು ಅಲ್ಲೇ ಅಂಗಡಿ ತೆರೆದ. ಒಬ್ಬನೂ ಒಳಗೆ ಕಾಲಿಡಲಿಲ್ಲ. ಒಬ್ಬ ಹಿರಿಯರು ಮಾತ್ರ ಮೀಸೆಗೆ ಕೈ ಅಡ್ಡ ಹಿಡಿದು, ಹೊಸ್ತಿಲಾಚೆಯೇ ನಿಂತು ಹೇಳಿದರಂತೆ: “ನಿಮ್ಮ ಧೈರ್ಯ ದೊಡ್ಡದಪ್ಪ. ಆದ್ರೆ ನಿಮಗೆ ಯಾರ ಮೀಸೆ ಮೇಲೆ ಯಾವಾಗ ಸಿಟ್ಟು ಬರುತ್ತೋ!”

ಕೈತಪ್ಪಿತು ಎಂದು ಒಪ್ಪಿದರೆ ದೇಶಕ್ಕೆ ವಾಪಸ್, ಒಪ್ಪದಿದ್ದರೆ ಕುರ್ಚಿ ಖಾಲಿ. ಈಗ ನಾಯಿಗಳ ಕೂದಲು ಕತ್ತರಿಸಿ ಹೊಟ್ಟೆ ಹೊರೆಯುತ್ತಿದ್ದಾನೆ. ಮೊನ್ನೆ ಫೋನ್ ಮಾಡಿದ್ದ.

“ಯಜಮಾನ್ರೇ, ನಾಯಿಗಳು ಭಾಷಣ ಕೇಳಲ್ಲ, ಅರ್ಧಕ್ಕೇ ಎದ್ದು ಹೋಗ್ತವೆ. ನೀವೂ ದೇಶ ಬಿಟ್ಟು ಬಂದ್ಬಿಡಿ. ಕಾರಣ ಏನಾದ್ರೂ ಹುಟ್ಟಿಸೋಣ.”